ಹತ್ತನೇ ಕ್ಲಾಸಿನ ಅಂಕಪಟ್ಟಿ ಒಮ್ಮೆ ಹೊರಗ ತೆಗೀರಿ

(ಅಕ್ಕಲಕೋಟ ತಾಲೂಕಿನ ಕನ್ನಡ ಯುವಕ-ಯುವತಿಯರ ಸಭೆಯಲ್ಲಿ ಆಡಿದ ಮಾತು. ಬಂದಿದ್ದ ಕೆಲವರು “ಬರೆದು ಕೊಡ್ರಿ, ಗೆಳೆಯರಿಗೆ ಕಳಿಸ್ತೀವಿ” ಅಂದರು. ಅದಕ್ಕೆ ಬರಹಕ್ಕೆ ಇಳಿಸಿದ್ದೇನೆ.)



ನಾನು ಭಾಷಣ ಮಾಡುವವನಲ್ಲ. ಬ್ಯಾಂಕಿನ ಕೌಂಟರ್‌ನಲ್ಲಿ ಕೂತು ಪಾಸ್‌ಬುಕ್ ಎಂಟ್ರಿ, ಚೆಕ್, ಸಾಲದ ಅರ್ಜಿ ನೋಡುವವನು. ಇದೇ ತಾಲೂಕಿನ ಕನ್ನಡ ಶಾಲೆಯಲ್ಲಿ ಹತ್ತನೇತನಕ ಓದಿದೆ, ಸೋಲಾಪುರದಲ್ಲಿ ಬಿ.ಕಾಂ. ಮಾಡಿದೆ. ಈಗ ಭೀಮಾ ಹೊಳೆಯ ಆಚೆ ದಂಡೆಯ ಒಂದು ಶಾಖೆಯಲ್ಲಿ ಗುಮಾಸ್ತ. ಸಂಘಟಕರು “ಉದ್ಯೋಗದ ಬಗ್ಗೆ ಎರಡು ಮಾತು ಹೇಳ್ರಿ” ಅಂದಾಗ, ಕೌಂಟರ್‌ನ ಈ ಕಡೆಯಿಂದ ನನಗೆ ಕಂಡಿದ್ದನ್ನಷ್ಟೇ ಹೇಳ್ತೀನಿ ಅಂತ ಒಪ್ಪಿಕೊಂಡೆ.

ಸಂಜೆ ನಮ್ಮೂರ ಸ್ಟ್ಯಾಂಡಿನಲ್ಲಿ ಪುಣೆ ಬಸ್ ಹತ್ತುವ ಹುಡುಗರನ್ನು ನೀವೆಲ್ಲ ನೋಡಿದ್ದೀರಿ. ಒಂದು ಬ್ಯಾಗು, ಒಂದು ಡಬ್ಬಿ ಶೇಂಗಾ ಚಟ್ನಿ, ಒಂದು ಕಟ್ಟು ಖಡಕ್ ರೊಟ್ಟಿ. ಹೋಗೋದು ತಪ್ಪಲ್ಲ. ಆದರೆ ಹೋಗುವ ಮೊದಲು ನಮಗೆ ಯಾವ ಬಾಗಿಲು ತೆರೆದಿತ್ತು, ಯಾವುದು ಮುಚ್ಚಿತ್ತು ಅಂತ ನಾವು ನೋಡಿದ್ದೀವಾ? ಇವತ್ತಿನ ಮಾತು ಅದರ ಬಗ್ಗೆ.

ಮೊದಲು ದೇಶದ ಲೆಕ್ಕ ನೋಡೋಣ. ಕೇಂದ್ರ ಸರ್ಕಾರ ನಡೆಸುವ ಪಿಎಲ್‌ಎಫ್‌ಎಸ್ ಅನ್ನುವ ಸಮೀಕ್ಷೆಯ ಪ್ರಕಾರ 15ರಿಂದ 29 ವಯಸ್ಸಿನವರ ನಿರುದ್ಯೋಗ 2017-18ರಲ್ಲಿ ಶೇ. 17.8 ಇತ್ತು, 2023-24ರಲ್ಲಿ ಶೇ. 10.2ಕ್ಕೆ ಇಳಿಯಿತು. ಕೇಳಲಿಕ್ಕೆ ಚೆನ್ನಾಗಿದೆ. ಆದರೆ ಆ ಲೆಕ್ಕದಲ್ಲಿ ಅಪ್ಪನ ಹೊಲದಲ್ಲಿ, ಅಣ್ಣನ ಕಿರಾಣಿ ಅಂಗಡಿಯಲ್ಲಿ ಪಗಾರ ಇಲ್ಲದೆ ದುಡಿಯುವ ಹುಡುಗನೂ “ಉದ್ಯೋಗಿ”ಯೇ. ನಮ್ಮ ಊರಲ್ಲಿ ಅವನನ್ನು ಉದ್ಯೋಗಿ ಅಂತ ಯಾರೂ ಕರೆಯೋದಿಲ್ಲ. ಹೆಣ್ಣು ನೋಡಲಿಕ್ಕೆ ಹೋದರೆ ಅದು ಬೇಗ ಗೊತ್ತಾಗ್ತದೆ.

ಇನ್ನೊಂದು ಲೆಕ್ಕ ಇದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮತ್ತು ದಿಲ್ಲಿಯ ಮಾನವ ಅಭಿವೃದ್ಧಿ ಸಂಸ್ಥೆ ಕೂಡಿ 2024ರಲ್ಲಿ ತಂದ ವರದಿ. ಅದರ ಪ್ರಕಾರ 2022ರಲ್ಲಿ ಓದು ಬರಹ ಬಾರದ ಯುವಕರಲ್ಲಿ ನಿರುದ್ಯೋಗ ಶೇ. 3.4, ಪದವೀಧರ ಯುವಕರಲ್ಲಿ ಶೇ. 29.1. ಅಂದರೆ ಡಿಗ್ರಿ ಮಾಡಿದವನು ಸುಮಾರು ಒಂಬತ್ತು ಪಟ್ಟು ಹೆಚ್ಚು ಖಾಲಿ. ಇದರರ್ಥ ಓದಬಾರದು ಅಂತಲ್ಲ. ಓದದವನಿಗೆ ಖಾಲಿ ಕೂರುವ ಅನುಕೂಲವೇ ಇಲ್ಲ, ಸಿಕ್ಕ ಕೂಲಿಗೆ ಹೋಗ್ತಾನೆ. ಓದಿದವನು ಓದಿಗೆ ತಕ್ಕ ಕೆಲಸ ಹುಡುಕ್ತಾ ಕೂರ್ತಾನೆ, ಆ ಕೆಲಸ ಅಷ್ಟು ಹುಟ್ಟಿಲ್ಲ. ಬಿ.ಕಾಂ. ಮುಗಿಸಿ ಮೂರು ವರ್ಷ ನಾನೂ ಆ 29ರೊಳಗೇ ಇದ್ದೆ.

ಸರ್ಕಾರಗಳು ಸುಮ್ಮನೆ ಕೂತಿಲ್ಲ. ಆದರೆ ಅವುಗಳ ದಾರಿ ಕಾಲಕಾಲಕ್ಕೆ ಬದಲಾಗಿದೆ, ಅದನ್ನು ತಿಳಿಯದಿದ್ದರೆ ನಾವು ಹಳೇ ಬಾಗಿಲನ್ನೇ ಬಡೀತಾ ನಿಲ್ತೀವಿ. ಮೊದಲನೇ ಕಾಲದಲ್ಲಿ ಸರ್ಕಾರವೇ ನೌಕರಿ ಕೊಡ್ತಿತ್ತು. 1959ರ ಕಾನೂನು ಬಂದು, ಖಾಲಿ ಹುದ್ದೆಗಳನ್ನು ಉದ್ಯೋಗ ವಿನಿಮಯ ಕಚೇರಿಗೆ ತಿಳಿಸಬೇಕು ಅಂತಾಯ್ತು. ನಮ್ಮ ಅಪ್ಪಂದಿರು ಅಲ್ಲಿ ಹೆಸರು ಹಚ್ಚಿ, ಕಾರ್ಡ್ ನವೀಕರಿಸುತ್ತಾ ಕಾದರು. 1969ರಲ್ಲಿ 14 ಬ್ಯಾಂಕು ರಾಷ್ಟ್ರೀಕರಣವಾಗಿ ಹಳ್ಳಿಗೆ ಶಾಖೆ ಬಂದವು, ಅದರ ಜೊತೆ ಗುಮಾಸ್ತರ ಕೆಲಸವೂ ಬಂತು.

ಎರಡನೇ ಕಾಲದಲ್ಲಿ “ನೌಕರಿ ಸಾಲದು, ನೀವೇ ಉದ್ಯೋಗ ಮಾಡ್ರಿ, ನಾವು ಸಾಲ ಕೊಡ್ತೀವಿ” ಅಂದರು. 1993ರ ಪ್ರಧಾನಮಂತ್ರಿ ರೋಜಗಾರ್ ಯೋಜನೆ, ಅದರ ಮುಂದುವರಿಕೆಯಾಗಿ 2008ರ ಪಿಎಂಇಜಿಪಿ, 2015ರ ಮುದ್ರಾ ಈ ಸಾಲಿನವು. ಮೂರನೇ ಕಾಲದ ಮಾತು ಕೌಶಲ: 2015ರಲ್ಲಿ ಸ್ಕಿಲ್ ಇಂಡಿಯಾ, 2016ರಲ್ಲಿ ಅಪ್ರೆಂಟಿಸ್ ಉತ್ತೇಜನ ಯೋಜನೆ.

ಈಗ ನಡೀತಿರೋದು ನಾಲ್ಕನೇ ಕಾಲ. ಸರ್ಕಾರ ದುಡ್ಡನ್ನು ಕಂಪನಿಯ ಮೂಲಕ ಕೊಡ್ತದೆ. 2024ರ ಬಜೆಟ್‌ನಲ್ಲಿ ಬಂದ ಇಂಟರ್ನ್‌ಶಿಪ್ ಯೋಜನೆ ಐದು ವರ್ಷದಲ್ಲಿ ಒಂದು ಕೋಟಿ ಯುವಕರಿಗೆ ಅಂತ ಹೇಳಿತು. ತಿಂಗಳಿಗೆ 5,000 ರೂಪಾಯಿ, ಒಂದು ಸಲ 6,000. ಮೊದಲ ಸುತ್ತಿನಲ್ಲಿ ಕಂಪನಿಗಳು ಸುಮಾರು 82 ಸಾವಿರ ಆಫರ್ ಕೊಟ್ಟವು, ಕೊನೆಗೆ ಸೇರಿದವರು ಸುಮಾರು 8,700 ಮಂದಿ. ಯಾಕೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಪುಣೆಯಲ್ಲಿ ನಾಲ್ಕು ಜನ ಕೂಡಿ ಒಂದು ಖೋಲಿ ಹಿಡಿದು ಮೆಸ್ಸಿನಲ್ಲಿ ಉಂಡವರಿಗೆ 5,000 ಎಷ್ಟು ದಿನ ಬರ್ತದೆ ಗೊತ್ತು. ದೊಡ್ಡ 500 ಕಂಪನಿ ಇರೋದು ದೊಡ್ಡ ಊರಲ್ಲಿ. ಜತ್ತದಲ್ಲಿ, ಮಡಕಶಿರಾದಲ್ಲಿ, ತಾಳವಾಡಿಯಲ್ಲಿ, ಮಂಜೇಶ್ವರದಲ್ಲಿ ಎಷ್ಟಿವೆ?

2025ರಲ್ಲಿ ಇನ್ನೊಂದು ಬಂತು, ವಿಕಸಿತ ಭಾರತ ರೋಜಗಾರ್ ಯೋಜನೆ. ಇದನ್ನು ಮಾತ್ರ ಪುಣೆ ಬಸ್ ಹತ್ತುವವರು ಗಮನ ಇಟ್ಟು ಕೇಳ್ರಿ. 2025ರ ಆಗಸ್ಟ್ 1ರಿಂದ 2027ರ ಜುಲೈ 31ರೊಳಗೆ ಹುಟ್ಟುವ ಕೆಲಸಗಳಿಗೆ ಇದು ಅನ್ವಯ. ಮೊದಲ ಸಲ ಪಿಎಫ್‌ಗೆ ಸೇರುವ ನೌಕರನಿಗೆ ಒಂದು ತಿಂಗಳ ಪಗಾರದಷ್ಟು, ಹೆಚ್ಚೆಂದರೆ 15,000 ರೂಪಾಯಿ. ಆರು ತಿಂಗಳು ಕೆಲಸದಲ್ಲಿ ನಿಂತ ಮೇಲೆ ಒಂದು ಕಂತು. ಹನ್ನೆರಡು ತಿಂಗಳಾಗಿ, ಹಣಕಾಸಿನ ತಿಳಿವಳಿಕೆಯ ಒಂದು ಪಾಠ ಮುಗಿಸಿದ ಮೇಲೆ ಇನ್ನೊಂದು. ಹೊಸಬರನ್ನು ತಗೊಂಡ ಮಾಲೀಕನಿಗೂ ಒಬ್ಬರಿಗೆ ತಿಂಗಳಿಗೆ 3,000ದವರೆಗೆ ಸಿಗ್ತದೆ.

ಇದರಲ್ಲಿ ನಮ್ಮ ಹುಡುಗರು ತಪ್ಪಿಸಿಕೊಳ್ಳುವ ಜಾಗ ಒಂದೇ, ಪಿಎಫ್. ಕಾಂಟ್ರ್ಯಾಕ್ಟರ್ ಕೈಯಲ್ಲಿ ನಗದು ಕೊಟ್ಟು “ಪಿಎಫ್ ಕಟ್ ಆದರೆ ನಿನಗೇ ಕಡಿಮೆ ಬರ್ತದ” ಅಂತಾನೆ, ನಾವು ಹೂಂ ಅಂತೀವಿ. ಪಿಎಫ್ ನಂಬರು ಇಲ್ಲದಿದ್ದರೆ ಸರ್ಕಾರದ ಲೆಕ್ಕದಲ್ಲಿ ನೀವು ಕೆಲಸಕ್ಕೇ ಸೇರಿಲ್ಲ. ಹೋದ ವರ್ಷ ನನ್ನ ಚಿಕ್ಕಪ್ಪನ ಮಗ ಒಂದು ಕಾರ್ಖಾನೆಯಲ್ಲಿ ಎಂಟು ತಿಂಗಳು ದುಡಿದ. ಕಾಗದದಲ್ಲಿ ಅವನು ಎಲ್ಲೂ ಇರಲಿಲ್ಲ. ಸೇರುವ ದಿನವೇ “ಯುಎಎನ್ ನಂಬರ್ ಯಾವಾಗ ಕೊಡ್ತೀರಿ?” ಅಂತ ಕೇಳ್ರಿ. ಮರಾಠಿಯಲ್ಲೇ ಕೇಳ್ರಿ, ನಮಗೆ ಬರ್ತದಲ್ಲ.

ಈಗ ಸಾಲದ ಬಾಗಿಲಿಗೆ ಬರ್ತೀನಿ. ಇದು ನಾನು ದಿನಾ ನೋಡುವ ಬಾಗಿಲು. ಹೋದ ತಿಂಗಳು ಒಬ್ಬ ತಮ್ಮ ಬಂದಿದ್ದ. “ಅಣ್ಣಾರ, ಮುದ್ರಾ ಕೊಡ್ರಿ. ಅದನ್ನ ಕಟ್ಟೋದು ಬ್ಯಾಡಂತಲ್ರಿ” ಅಂದ. ಯಾರು ಹೇಳಿದರಪ್ಪಾ ಅಂದರೆ, “ಊರಾಗ ಒಬ್ಬರು ಹೇಳ್ಯಾರ, ಎರಡು ಸಾವಿರ ಇಸ್ಕೊಂಡಾರ” ಅಂದ. ಕೂರಿಸಿಕೊಂಡು ಹೇಳಿದೆ, ನಿಮಗೂ ಹೇಳ್ತೀನಿ. ಮುದ್ರಾ ಸಾಲ, ಅನುದಾನ ಅಲ್ಲ. ಶಿಶು ಅಂದರೆ 50,000ದವರೆಗೆ, ಕಿಶೋರ 5 ಲಕ್ಷದವರೆಗೆ, ತರುಣ 10 ಲಕ್ಷದವರೆಗೆ. ತರುಣ ಸಾಲ ಸರಿಯಾಗಿ ತೀರಿಸಿದವರಿಗೆ 20 ಲಕ್ಷದವರೆಗೆ ಉಂಟು. ಇದಕ್ಕೆ ಹೊಲ-ಮನೆ ಅಡವಿಡಬೇಕಿಲ್ಲ, ಅದೇ ಇದರ ಅನುಕೂಲ. ಆದರೆ ಬಡ್ಡಿ ಸಮೇತ ಕಟ್ಟಬೇಕು. ಕಟ್ಟದಿದ್ದರೆ ಸಿಬಿಲ್ ಕೆಡ್ತದೆ. ಮುಂದೆ ಅಪ್ಪನ ಆಪರೇಷನ್‌ಗೆ, ತಂಗಿಯ ಓದಿಗೆ ಸಾಲ ಕೇಳಿದಾಗ ಆ ಹಳೇ 50,000 ಎದುರಿಗೆ ನಿಲ್ತದೆ. ಮಧ್ಯದವರಿಗೆ ಒಂದು ರೂಪಾಯಿ ಕೊಡಬೇಡ್ರಿ.

ಅನುದಾನ ಇರೋದು ಪಿಎಂಇಜಿಪಿಯಲ್ಲಿ. ಹೊಸ ಘಟಕಕ್ಕೆ ಮಾತ್ರ, ಗಂಡ-ಹೆಂಡತಿ ಕೂಡಿ ಒಂದು ಮನೆಗೆ ಒಂದೇ. ಒಂದು ಲೆಕ್ಕ ಹಾಕಿ ತೋರಿಸ್ತೀನಿ. ದುಧನಿ ಹತ್ತಿರದ ಹಳ್ಳಿಯ ಒಬ್ಬ ತಂಗಿ 4 ಲಕ್ಷದ ಹೊಲಿಗೆ ಘಟಕ ಹಾಕ್ತಾಳೆ ಅನ್ನೋಣ. ಹೆಣ್ಣುಮಕ್ಕಳು, ಪರಿಶಿಷ್ಟರು, ಹಿಂದುಳಿದ ವರ್ಗದವರು, ಅಂಗವಿಕಲರು ವಿಶೇಷ ವರ್ಗಕ್ಕೆ ಸೇರ್ತಾರೆ. ಅವಳ ಕೈಯಿಂದ ಶೇ. 5, ಅಂದರೆ 20,000. ಬ್ಯಾಂಕಿನಿಂದ 3,80,000. ಹಳ್ಳಿಯಾದ್ದರಿಂದ ಅನುದಾನ ಶೇ. 35, ಅಂದರೆ 1,40,000. ಸಾಮಾನ್ಯ ವರ್ಗದ ಹುಡುಗನಾದರೆ ಕೈಯಿಂದ 40,000, ಹಳ್ಳಿಯಲ್ಲಿ ಅನುದಾನ 1 ಲಕ್ಷ. ಪಟ್ಟಣದಲ್ಲಿ ಎರಡೂ ಕಡಿಮೆ, ಶೇ. 25 ಮತ್ತು 15.

ಆ ಅನುದಾನ ಕೈಗೆ ಬರೋದಿಲ್ಲ. ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿ ಇರ್ತದೆ; ಅಷ್ಟು ಮೊತ್ತದ ಸಾಲಕ್ಕೆ ಬಡ್ಡಿ ಹಾಕೋದಿಲ್ಲ. ಘಟಕ ನಡೀತಿದೆ ಅಂತ ಖಾತ್ರಿಯಾದ ಮೇಲೆ ಸಾಲಕ್ಕೆ ಜಮಾ. ಇದು ಗೊತ್ತಿಲ್ಲದೆ “ಬ್ಯಾಂಕಿನವರು ನನ್ನ ಸಬ್ಸಿಡಿ ತಿಂದರು” ಅಂತ ಜಗಳಕ್ಕೆ ಬರುವವರು ಬಹಳ.

ಅದೇ ವಿಶೇಷ ವರ್ಗದ ಪಟ್ಟಿಯಲ್ಲಿ “ಗಡಿ ಪ್ರದೇಶ”, “ಅಲ್ಪಸಂಖ್ಯಾತರು” ಅಂತ ಎರಡು ಪದ ಇವೆ. ನಮ್ಮವರು ಓದಿ ಖುಷಿಯಿಂದ ಬರ್ತಾರೆ. ಆ ಗಡಿ ರಾಜ್ಯ-ರಾಜ್ಯದ ನಡುವಿನ ಗಡಿ ಅಲ್ಲ, ಆ ಅಲ್ಪಸಂಖ್ಯಾತರು ಧಾರ್ಮಿಕ ಅಲ್ಪಸಂಖ್ಯಾತರು. ಭಾಷೆಯ ಕಾರಣಕ್ಕೆ ಅಂಚಿಗೆ ಬಿದ್ದವರು ಅನ್ನುವ ಕಾಲಂ ಯಾವ ಉದ್ಯೋಗ ಯೋಜನೆಯ ಫಾರಂನಲ್ಲೂ ನಾನು ನೋಡಿಲ್ಲ. ದಿಲ್ಲಿಯಲ್ಲಿ ಕೂತು ಯೋಜನೆ ಬರೆಯುವವರ ಕಣ್ಣಿಗೆ ನಾವು ಮಹಾರಾಷ್ಟ್ರದವರು, ಕೇರಳದವರು, ಆಂಧ್ರದವರು ಅಷ್ಟೇ. ಕರಪತ್ರ ಬರೋದು ಆ ರಾಜ್ಯದ ಭಾಷೆಯಲ್ಲಿ, ತರಬೇತಿ ನಡೆಯೋದೂ ಅದೇ ಭಾಷೆಯಲ್ಲಿ.

ಹಾಗಾದರೆ ಭಾಷೆ ನಮಗೆ ಬರೀ ನಷ್ಟವೇ? ಇಲ್ಲ. ಇದನ್ನು ಹೇಳಲಿಕ್ಕೇ ನಾನು ಬಂದಿದ್ದು.

ನಿಮ್ಮ ಹತ್ತನೇ ಕ್ಲಾಸಿನ ಅಂಕಪಟ್ಟಿ ಒಮ್ಮೆ ಹೊರಗ ತೆಗೀರಿ. ನಮ್ಮ ಕನ್ನಡ ಶಾಲೆಯಲ್ಲಿ ಓದಿದವರ ಅಂಕಪಟ್ಟಿಯಲ್ಲಿ ಕನ್ನಡ ಇರ್ತದೆ, ಮರಾಠಿಯೂ ಇರ್ತದೆ. ಬ್ಯಾಂಕಿನ ಗುಮಾಸ್ತ ಹುದ್ದೆಗೆ ಅರ್ಜಿ ಹಾಕುವಾಗ ಒಂದು ರಾಜ್ಯ ಆರಿಸಬೇಕು. ಒಂದೇ. ಆ ರಾಜ್ಯದ ಭಾಷೆ ಓದಲು, ಬರೆಯಲು, ಮಾತಾಡಲು ಬರಬೇಕು. ಎಸ್‌ಬಿಐ ಜೂನಿಯರ್ ಅಸೋಸಿಯೇಟ್ ಹುದ್ದೆಗೆ 10 ಅಥವಾ 12ನೇ ತರಗತಿಯಲ್ಲಿ ಆ ಭಾಷೆ ಓದಿದ ಅಂಕಪಟ್ಟಿ ತೋರಿಸಿದರೆ ಭಾಷಾ ಪರೀಕ್ಷೆಯೇ ಬೇಡ. ಪುಣೆಯ ಹುಡುಗನಿಗೆ ಒಂದು ರಾಜ್ಯದ ಬಾಗಿಲು. ಅಕ್ಕಲಕೋಟದ ಹುಡುಗನಿಗೆ, ಅದೇ ಒಂದು ಕಾಗದದ ಮೇಲೆ, ಎರಡು. ಕಾಸರಗೋಡಿನಲ್ಲಿ ಕನ್ನಡದ ಜೊತೆ ಮಲಯಾಳ ಓದಿದವರಿಗೆ, ರಾಯದುರ್ಗದಲ್ಲಿ ಕನ್ನಡದ ಜೊತೆ ತೆಲುಗು ಓದಿದವರಿಗೂ ಇದೇ ಲೆಕ್ಕ.

ಆದರೆ ಆರಿಸುವಾಗ ಎಚ್ಚರ ಬೇಕು. ಈ ಗುಮಾಸ್ತ ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆಯ ಭಾಷೆ ನೀವು ಆರಿಸಿದ ರಾಜ್ಯದ ಜೊತೆ ಬರ್ತದೆ. ಮಹಾರಾಷ್ಟ್ರ ಆರಿಸಿದರೆ ಇಂಗ್ಲಿಷ್, ಹಿಂದಿ ಜೊತೆ ಮರಾಠಿ ಇರ್ತದೆ, ಕನ್ನಡ ಇರೋದಿಲ್ಲ. ಕನ್ನಡದಲ್ಲಿ ಬರೀಬೇಕೆಂದರೆ ಕರ್ನಾಟಕ ಆರಿಸಬೇಕು, ಆಗ ಕೆಲಸವೂ ಕರ್ನಾಟಕದಲ್ಲೇ. ನಾನು ಕರ್ನಾಟಕ ಆರಿಸಿದೆ. ಮೊದಲ ಪೋಸ್ಟಿಂಗ್ ರಾಯಚೂರು ಜಿಲ್ಲೆಯ ಒಂದು ಹಳ್ಳಿ. ಅವ್ವನ ಕೈಯ ಊಟಕ್ಕೆ ತಿಂಗಳಿಗೊಮ್ಮೆ ಬರ್ತಿದ್ದೆ. ನನ್ನ ಜೊತೆ ಓದಿದ ಗೆಳೆಯ ಮಹಾರಾಷ್ಟ್ರ ಆರಿಸಿದ, ಮರಾಠಿ ಅಂಕ ತೋರಿಸಿದ, ಅವನಿಗೆ ಲಾತೂರ್ ಕಡೆ ಸಿಕ್ಕಿತು. ಇಬ್ಬರದೂ ಸರಿ. ತಪ್ಪು ಅಂದರೆ ಎರಡು ದಾರಿ ಇದೆ ಅಂತ ಗೊತ್ತಿಲ್ಲದೆ ಸೈಬರ್ ಕೆಫೆಯವನು ತುಂಬಿದ ರಾಜ್ಯಕ್ಕೆ ಸಹಿ ಮಾಡೋದು.

ಗ್ರಾಮೀಣ ಬ್ಯಾಂಕುಗಳ ಪರೀಕ್ಷೆಯನ್ನೂ ಪ್ರಾದೇಶಿಕ ಭಾಷೆಯಲ್ಲಿ ಬರೆಯಬಹುದು ಅಂತ 2019ರಲ್ಲಿ ಘೋಷಣೆ ಆಯ್ತು. 2025ರ ಮೇ 1ರಿಂದ ಬಹುತೇಕ ಎಲ್ಲಾ ಕಡೆ ಒಂದು ರಾಜ್ಯಕ್ಕೆ ಒಂದೇ ಗ್ರಾಮೀಣ ಬ್ಯಾಂಕು. ಇದನ್ನೂ ಆರ್‌ಆರ್‌ಬಿ ಅಂತಾರೆ, ರೈಲ್ವೆ ನೇಮಕಾತಿ ಮಂಡಳಿಯನ್ನೂ ಆರ್‌ಆರ್‌ಬಿ ಅಂತಾರೆ. ಜಾಹೀರಾತು ನೋಡುವಾಗ ಗಲಿಬಿಲಿ ಆಗಬೇಡ್ರಿ.

ಇನ್ನು ಕೆಲವು ಕೇಂದ್ರದ ಪರೀಕ್ಷೆಗಳಲ್ಲಿ ಭಾಷೆ ರಾಜ್ಯಕ್ಕೆ ಅಂಟಿಕೊಂಡಿಲ್ಲ. ಸ್ಟಾಫ್ ಸೆಲೆಕ್ಷನ್ ಕಮಿಷನ್ನಿನ ಎಂಟಿಎಸ್ ಪರೀಕ್ಷೆ 2023ರಿಂದ ಇಂಗ್ಲಿಷ್, ಹಿಂದಿ ಬಿಟ್ಟು 13 ಪ್ರಾದೇಶಿಕ ಭಾಷೆಗಳಲ್ಲಿ ನಡೀತಿದೆ. ಸಿಆರ್‌ಪಿಎಫ್, ಬಿಎಸ್‌ಎಫ್‌ನಂಥ ಪಡೆಗಳ ಕಾನ್‌ಸ್ಟೇಬಲ್ ಪರೀಕ್ಷೆಗೆ 2024ರ ಜನವರಿ 1ರಿಂದ ಅದೇ ವ್ಯವಸ್ಥೆ. ರೈಲ್ವೆ ಪರೀಕ್ಷೆಗಳಲ್ಲೂ ಕನ್ನಡ ಇದೆ. ಫಾರಂನಲ್ಲಿ ಭಾಷೆಯ ಕಾಲಂ ಇರ್ತದೆ, ಅಲ್ಲಿ ಕನ್ನಡ ಅಂತ ನೀವೇ ಆರಿಸಬೇಕು. ಈ ಕಾಲಂ ನೋಡದೆ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಬರೆದು ನಾಲ್ಕು ಅಂಕಕ್ಕೆ ಬಿದ್ದವರನ್ನು ನಾನು ನೋಡಿದ್ದೀನಿ. ಪ್ರತಿ ವರ್ಷದ ಅಧಿಸೂಚನೆಯನ್ನು ನೀವೇ ಪೂರ್ತಿ ಓದ್ರಿ, ನಿಯಮ ಬದಲಾಗ್ತಿರ್ತವೆ.

ಇಲ್ಲಿ ತಂದೆ-ತಾಯಂದಿರೂ ಕೂತಿದ್ದೀರಿ, ನಿಮಗೊಂದು ಮಾತು. ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಹಾಕ್ತೀರಿ, ಅದು ನಿಮ್ಮಿಷ್ಟ. ಆದರೆ ಅಂಕಪಟ್ಟಿಯಿಂದ ಕನ್ನಡ ಹೋದ ದಿನ ಆ ಎರಡನೇ ಬಾಗಿಲು ಇಕ್ಕಟ್ಟಾಗ್ತದೆ. ಮನೆಯಲ್ಲಿ ಮಾತಾಡ್ತೀವಿ ಅಂದರೆ ಸಾಲೋದಿಲ್ಲ. ಬರವಣಿಗೆ ಬೇಕು, ಕಾಗದ ಬೇಕು. ನನ್ನ ತಂಗಿ ಎಂಟನೇಯಿಂದ ಕನ್ನಡ ಬಿಟ್ಟಳು. ಬುದ್ಧಿಯಲ್ಲಿ ನನಗಿಂತ ಮುಂದಿದ್ದಾಳೆ. ಕರ್ನಾಟಕಕ್ಕೆ ಅರ್ಜಿ ಹಾಕುವ ಹೊತ್ತಿಗೆ ಕೂತು ಕನ್ನಡ ಒತ್ತಕ್ಷರ ಮತ್ತೆ ಕಲಿಯಬೇಕಾಯ್ತು. ಶಾಲೆ ಯಾವುದೇ ಇರಲಿ, ಹತ್ತನೇತನಕ ಕನ್ನಡ ಒಂದು ವಿಷಯವಾಗಿ ಉಳಿಯುವ ದಾರಿ ಹುಡುಕ್ರಿ.

ಕೊನೆಯದಾಗಿ ತರಬೇತಿ. 1982ರಲ್ಲಿ ಉಜಿರೆಯಲ್ಲಿ ಡಾ. ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಜೊತೆ ಕೂಡಿ ರುಡ್‌ಸೆಟ್ ಸಂಸ್ಥೆ ಶುರು ಮಾಡಿದರು. ಹಳ್ಳಿ ಹುಡುಗರಿಗೆ ಊಟ-ವಸತಿ ಕೊಟ್ಟು ಕೆಲಸ ಕಲಿಸೋದು, ಆಮೇಲೆ ಬ್ಯಾಂಕ್ ಸಾಲಕ್ಕೆ ಜೋಡಿಸೋದು. ಆ ಮಾದರಿಯನ್ನೇ ಕೇಂದ್ರ ಸರ್ಕಾರ ತೆಗೆದುಕೊಂಡು ಜಿಲ್ಲೆಗೊಂದು ಆರ್‌ಸೆಟಿ ಅಂತ ದೇಶಕ್ಕೆಲ್ಲ ಹರಡಿತು. ಅಂದರೆ ಇವತ್ತು ಸೋಲಾಪುರದಲ್ಲಿ, ಕಾಸರಗೋಡಿನಲ್ಲಿ, ಅನಂತಪುರದಲ್ಲಿ ನಡೆಯುವ ಈ ತರಬೇತಿ ಹುಟ್ಟಿದ್ದು ಕನ್ನಡದ ನೆಲದಲ್ಲಿ. ಹೊಲಿಗೆ, ಮೊಬೈಲ್ ರಿಪೇರಿ, ಹೈನುಗಾರಿಕೆ, ವೈರಿಂಗ್ ಎಲ್ಲ ಉಚಿತ, ಉಳಿಯಲಿಕ್ಕೆ ಜಾಗ, ಊಟವೂ ಉಚಿತ. ತರಬೇತಿ ಮುಗಿದ ಮೇಲೆ ಎರಡು ವರ್ಷ ಅವರೇ ಬೆನ್ನಿಗೆ ನಿಂತು ವಿಚಾರಿಸ್ತಾರೆ. ಆ ಸರ್ಟಿಫಿಕೇಟ್ ಹಿಡಿದು ಬಂದವರ ಸಾಲದ ಅರ್ಜಿಯನ್ನು ನಾವೂ ಬೇರೆ ಕಣ್ಣಿನಿಂದ ನೋಡ್ತೀವಿ, ಯಾಕಂದರೆ ಅವರಿಗೆ ಲೆಕ್ಕ ಬರೆಯಲಿಕ್ಕೆ ಬರ್ತದೆ.

ಕನ್ನಡದಲ್ಲಿ ತರಬೇತಿ ಬೇಕು ಅಂತ ನಾವು ಮನವಿ ಕೊಡ್ತೀವಿ, ಫೋಟೋ ತೆಗೆಸ್ತೀವಿ, ಪೇಜಿಗೆ ಹಾಕ್ತೀವಿ. ಬೇಕು, ಬಿಡಬೇಡ್ರಿ. ರಾಜ್ಯ ಪುನರ್ವಿಂಗಡಣೆಯ ನಂತರ ರಾಜ್ಯಗಳೇ ಒಪ್ಪಿಕೊಂಡ ರಕ್ಷಣೆಗಳಿವೆ: ಒಂದು ಪ್ರದೇಶದಲ್ಲಿ ಭಾಷಾ ಅಲ್ಪಸಂಖ್ಯಾತರು ಶೇ. 15ಕ್ಕಿಂತ ಹೆಚ್ಚಿದ್ದರೆ ಮುಖ್ಯ ಸೂಚನೆ, ನಿಯಮಗಳನ್ನು ಅವರ ಭಾಷೆಯಲ್ಲೂ ಪ್ರಕಟಿಸಬೇಕು. ಸಂವಿಧಾನದ 350ಬಿ ವಿಧಿಯ ಪ್ರಕಾರ ಭಾಷಾ ಅಲ್ಪಸಂಖ್ಯಾತರ ಆಯುಕ್ತರ ಹುದ್ದೆ ಇದೆ. ಉದ್ಯೋಗ ಯೋಜನೆಯ ಕರಪತ್ರ ಕನ್ನಡದಲ್ಲಿ ಕೊಡ್ರಿ ಅಂತ ಕೇಳಲಿಕ್ಕೆ ನಮಗೆ ಆಧಾರ ಇದೆ. ಆದರೆ ಮನವಿಯ ಜೊತೆ ಹೆಸರಿನ ಪಟ್ಟಿಯೂ ಹೋಗಬೇಕು. “ಕನ್ನಡದಲ್ಲಿ ಕಲಿಸಿ” ಅಂತ ಬರೀ ಒಂದು ಪತ್ರ ಹೋದರೆ ಫೈಲಿನಲ್ಲಿ ಕೂರ್ತದೆ. “ಈ ಮೂವತ್ತು ಜನ ಹೊಲಿಗೆ ಕಲಿಯಲು ತಯಾರಿದ್ದಾರೆ, ಆಧಾರ್ ಪ್ರತಿ ಲಗತ್ತಿಸಿದೆ, ಕನ್ನಡ ಬರುವ ಒಬ್ಬ ತರಬೇತುದಾರರನ್ನು ಕೊಡಿ” ಅಂತ ಹೋದರೆ ಆ ಅಧಿಕಾರಿಗೂ ಒಂದು ಬ್ಯಾಚ್ ತುಂಬಿದಂತಾಯ್ತು, ಅವರಿಗೂ ಗುರಿ ಇರ್ತದೆ. ಕೌಂಟರ್ ಒಳಗೆ ಕೂತವನಾಗಿ ಹೇಳ್ತೀನಿ, ಪೂರ್ತಿ ಕಾಗದ ತಂದವರನ್ನು ಬೇಡ ಅಂತ ತಿರುಗಿಸಿ ಕಳಿಸೋದು ಕಷ್ಟ.

ಮನೆಗೆ ಹೋಗಿ ಮೂರು ಕೆಲಸ ಮಾಡ್ರಿ. ಒಂದು, ಹತ್ತನೇ ಅಂಕಪಟ್ಟಿ, ಜಾತಿ ಪ್ರಮಾಣಪತ್ರ, ಆಧಾರ್, ಪಾಸ್‌ಬುಕ್ ಒಂದೇ ಫೈಲಿನಲ್ಲಿ ಹಾಕ್ರಿ. ನಾಲ್ಕರಲ್ಲೂ ನಿಮ್ಮ ಹೆಸರು ಒಂದೇ ರೀತಿ ಇದೆಯಾ ನೋಡ್ರಿ. ನಮ್ಮ ಕಡೆ ಕನ್ನಡದಲ್ಲಿ ಒಂದು, ಮರಾಠಿಯಲ್ಲಿ ಇನ್ನೊಂದು, ಇಂಗ್ಲಿಷಿನಲ್ಲಿ ಮತ್ತೊಂದು ಹೆಸರಾಗಿರ್ತದೆ. ಅರ್ಧ ಅರ್ಜಿ ಅಲ್ಲೇ ನಿಲ್ತವೆ. ಎರಡು, ಈಗಾಗಲೇ ಪುಣೆ, ಮುಂಬೈ, ಬೆಂಗಳೂರಿನಲ್ಲಿ ದುಡಿಯುವ ನಿಮ್ಮ ಅಣ್ಣ-ತಮ್ಮಂದಿರಿಗೆ ಇವತ್ತೇ ಫೋನ್ ಮಾಡಿ ಪಿಎಫ್ ನಂಬರ್ ಇದೆಯಾ ಕೇಳ್ರಿ. ಮೂರು, ಊರಿಗೊಬ್ಬರು ನಿಂತು ತರಬೇತಿಗೆ ತಯಾರಿರುವವರ ಪಟ್ಟಿ ಮಾಡ್ರಿ.

ಈ ಯೋಜನೆಗಳಿಂದ ಎಲ್ಲರಿಗೂ ಕೆಲಸ ಸಿಗ್ತದೆ ಅಂತ ನಾನು ಸುಳ್ಳು ಹೇಳೋದಿಲ್ಲ. ಹುದ್ದೆ ಕಡಿಮೆ, ಕೇಳುವವರು ಬಹಳ; ಮಳೆ ಇಲ್ಲದ ತಾಲೂಕಿನಲ್ಲಿ ಸಾಲದ ಅಂಗಡಿಗೂ ಗಿರಾಕಿ ಬರಬೇಕಲ್ಲ. ಸಂಜೆ ಆ ಬಸ್ ಇನ್ನೂ ಬಹಳ ವರ್ಷ ತುಂಬಿಯೇ ಹೋಗ್ತದೆ. ಆದರೆ ಹತ್ತುವವರು ಎಲ್ಲ ಬಾಗಿಲು ಬಡಿದು ನೋಡಿ ಹತ್ತಲಿ, ಬ್ಯಾಗಿನಲ್ಲಿ ರೊಟ್ಟಿಯ ಜೊತೆ ಆ ಫೈಲೂ ಇರಲಿ.

ಅಂಕಪಟ್ಟಿ, ಅರ್ಜಿ ಏನಾದರೂ ತೋರಿಸೋದಿದ್ದರೆ ಕಾರ್ಯಕ್ರಮ ಮುಗಿದ ಮೇಲೆ ಇಲ್ಲೇ ಇರ್ತೀನಿ, ಬರ್ರಿ. ಕೊನೆ ಬಸ್ಸಿಗೆ ಇನ್ನೂ ಹೊತ್ತಿದೆ.